ಅಂಗಿ ಅಳತೆಯ ವಿಡಿಯೊಗೆ ಒಬ್ಬ ಅಧ್ಯಕ್ಷರು

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಆಳಂದದ ಮನೆಯಲ್ಲೇ ಹೊಲಿಗೆ ಕಲಿಸುತ್ತಾರೆ. ಹೋದ ವರ್ಷ ಒಂದು ತರಬೇತಿ ಸಂಸ್ಥೆಯವರು ಫೋನು ಮಾಡಿದರು. ಗಂಡಸರ ಅಂಗಿಗೆ ಅಳತೆ ತೆಗೆಯುವುದನ್ನು ಹತ್ತು ನಿಮಿಷದ ವಿಡಿಯೊ ಮಾಡಿ ಕಳಿಸಬೇಕು, ಹಿಡಿಸಿದರೆ ಅಫಜಲಪುರ, ಜೇವರ್ಗಿ ಕಡೆಯ ಹೆಣ್ಣುಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವ ಕೆಲಸ ಅವರಿಗೇ. ವೈನಿಗೆ ಆ ಕೆಲಸ ಬೇಕೇ ಬೇಕಿತ್ತು. ಮೊಬೈಲ್ ಹಿಡಿಯುವವನು ನಾನು.

ಸುದ್ದಿ ನರೋಣಾದ ಕಾಕಾರಿಗೆ, ಅಂದರೆ ಅಪ್ಪನ ತಮ್ಮನಿಗೆ, ಮುಟ್ಟಿತು. ಮುಂಜಾನೆಯ ಬಸ್ಸಿಗೇ ಬಂದಿಳಿದರು. ಕಾಕಾ ಅಧ್ಯಕ್ಷತೆ ವಹಿಸದ ಸಮಾರಂಭ ನಮ್ಮ ಕಡೆ ನಡೆದಿಲ್ಲ. ನಡೆದಿದ್ದರೆ, ಅದನ್ನು ಅವರು ಸಮಾರಂಭವೆಂದು ಒಪ್ಪಿಲ್ಲ.

“ದೀಪಾ ಹಚ್ಚದ ಚಾಲೂ ಮಾಡ್ತೀಯೇನಲೇ? ಇದೇನು ಕಳ್ಳರ ಕೆಲಸಾನ?”

ಫ್ಯಾನ್ ಬಂದ್ ಮಾಡಿ ದೀಪ ಹಚ್ಚಿದೆವು. ಆಮೇಲೆ ಸ್ವಾಗತ. ಅವರೇ ತಂದ ಶಾಲನ್ನು ಅವರಿಗೇ ಹೊದಿಸಿದೆವು. ನಂತರ ಅವರ ‘ಎರಡೇ ಮಾತು’. ಆ ಎರಡು ಮಾತು ಹತ್ತಿ ಬೆಳೆಯಿಂದ ಹೊರಟು ಈಗಿನ ಸೊಸೆಯಂದಿರ ನಡತೆಯ ತನಕ ಬಂದವು. ವೈನಿ ಟೇಪು ಎತ್ತಿಕೊಂಡು “ಮೊದಲು ಭುಜ” ಎನ್ನುವಷ್ಟರಲ್ಲಿ ಹತ್ತು ನಿಮಿಷ ಮುಗಿದಿತ್ತು.

“ಭಾರೀ ಬಂತು. ಕಳಸು,” ಎಂದರು ಕಾಕಾ.

“ನಿಮ್ಮ ಭಾಷಣ ಅಷ್ಟು ತೆಗದು ಕಳಸ್ತೇನ್ರಿ,” ಎಂದೆ.

“ತೆಗದು ನೋಡಲೇ! ಮತ್ತ ಈ ಮನಿ ಹೊಸ್ತಿಲಾ ತುಳಿಯಂಗಿಲ್ಲ ನಾ.”

ಕೇಳಿ ನನಗೆ ಆಸೆಯೇ ಆಯಿತು. ಆದರೆ ಭಾಷಣ ತೆಗೆದರೆ ಉಳಿಯುತ್ತಿದ್ದುದು ದೀಪ ಮಾತ್ರ. ವೈನಿ ನಡುವೆ ಬಾಯಿ ಹಾಕಿದರು.

“ಮಾವಾರ, ಇನ್ನೊಮ್ಮೆ ತೆಗಿಯೂಣ್ರಿ. ಈ ಸಲ ನೀವ ನಡುವ ನಿಂದರ್ರಿ. ಅಳತಿ ನಿಮ್ಮ ಮ್ಯಾಲೇ ತೋರಸ್ತೇನಿ.”

ಕಾಕಾರ ಮುಖ ಅರಳಿತು. ಬಾಯಿ ತೆರೆಯುವಷ್ಟರಲ್ಲಿ ವೈನಿ ಎದೆಗೆ ಟೇಪು ಸುತ್ತಿದ್ದರು. “ಮಾತಾಡಿದ್ರ ಎದಿ ಉಬ್ಬತದ್ರಿ, ಅಳತಿ ತಪ್ಪತದ.” ಕೊರಳಿಗೆ ಬಂದಾಗ, “ಗಂಟಲಾ ಅಳ್ಳಾಡಸಬ್ಯಾಡ್ರಿ.” ಹೀಗೆ ಭುಜ, ತೋಳು, ಮಣಿಕಟ್ಟು ಎಂದು ನಿಧಾನವಾಗಿ ಅಳೆಯುತ್ತ, ವಿವರಿಸುತ್ತ ಹೋದರು. ಕಾಕಾ ಅಷ್ಟು ಹೊತ್ತು ಸುಮ್ಮನಿದ್ದರೆನ್ನುವುದಕ್ಕೆ ನಮ್ಮ ಮನೆತನದಲ್ಲಿ ಆ ವಿಡಿಯೊ ಒಂದೇ ಸಾಕ್ಷಿ.

ಸಂಸ್ಥೆಯವರಿಗೆ ಹಿಡಿಸಿತು, ವೈನಿಗೆ ಕೆಲಸ ಸಿಕ್ಕಿತು. “ಪಾಠಾ ನಂದು, ಸೊಸಿ ಬಾಜೂಕ ನಿಂತಿದ್ಲು,” ಎಂದು ಕಾಕಾ ಊರೆಲ್ಲ ಹೇಳಿಕೊಂಡು ಬಂದರು. ಇಸ್ತ್ರಿ ಅಂಗಿ ತೊಟ್ಟು ಎರಡನೇ ಪಾಠಕ್ಕೂ ಹಾಜರಾದರು.

“ಇವತ್ತ ಏನು ಅಳೀತೀ ಬೇ?”

“ಹೆಣ್ಮಕ್ಕಳ ಸೀರಿ ಜಂಪರ್ ರಿ ಮಾವಾರ. ಬರ್ರಿ, ನಿಂದರ್ರಿ.”

ನರೋಣಾ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಕಾಕಾ ಚಹಾ ಸಹ ಕುಡಿಯದೆ ಹೊರಟರು.