ಗಂಟೆ ಬಾರಿಸುವ ಕಂಪ್ಯೂಟರ್ ಮತ್ತು ಹಸಿರು ಡಬ್ಬಿ

ಜೇವರ್ಗಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಗಂಟೆ ಬಾರಿಸುವುದು ಒಂದು ಹಳೆಯ ಕಂಪ್ಯೂಟರ್. ಅದನ್ನು ಈ ಕೆಲಸಕ್ಕೆ ಹಚ್ಚೋಣವೆಂದು ಹೆಡ್ ಮೇಡಂ ಅವರನ್ನು ಒಪ್ಪಿಸಿದವಳು ನಾನೇ. ಆದರೆ ಅದರೊಳಗಿನ ಗಡಿಯಾರದ ಚಿಪ್ ಕೆಟ್ಟು, ಕರೆಂಟ್ ಹೋಗಿ ಬಂದಾಗಲೆಲ್ಲ ವೇಳೆ ಮರೆಯತೊಡಗಿತು. ಒಂದು ಸಂಜೆ ಗಂಟೆ ತಡವಾಗಿ ನೆಲೋಗಿಯ ಹುಡುಗಿಯರಿಗೆ ಬಸ್ ತಪ್ಪಿತು. ಮರುದಿನ ಬೆಳಿಗ್ಗೆ, ಇವತ್ತೂ ಹಾಗಾದರೆ ನಾಳೆಯಿಂದ ಕಬ್ಬಿಣದ ಗಂಟೆಯೇ ಸೈ ಎಂದು ಹೆಡ್ ಮೇಡಂ ನಗುತ್ತಲೇ ಹೇಳಿ, ಸುತ್ತಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ನಮ್ಮ ಕಂಪ್ಯೂಟರ್ ಟೀಚರ್ ನನ್ನ ಓಣಿಯವರೇ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಗಡಿಯಾರದ ಚಿಪ್ ಇರುವ ಹೊಸ ಬೋರ್ಡ್ ತರಿಸಿ ಕೂರಿಸಿ, ಅದರಿಂದ ವೇಳೆ ಓದಲು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ತಾವೇ ಬರೆದಿದ್ದರು. ಅವತ್ತು ಬೆಳಿಗ್ಗೆ ನಡೆಸಿದಾಗ, ಗಡಿಯಾರ ನಿಂತಿದೆ ಎಂದು ಡ್ರೈವರ್ ಅರ್ಧಕ್ಕೇ ಎದ್ದು ಬಂತು. ನೋಡಿದರೆ ಬೋರ್ಡಿಗೆ ಬ್ಯಾಟರಿ ಹಾಕುವುದನ್ನೇ ಮರೆತಿದ್ದರು. ಹಾಕಿ ಮತ್ತೆ ನಡೆಸಿದರೆ, ಆ ವಿಳಾಸವನ್ನು ಆಗಲೇ ಯಾರೋ ಹಿಡಿದಿದ್ದಾರೆ ಎಂದಿತು.

ಇದೆಂಥ ವಿಳಾಸ ಎಂದು ಕೇಳಿದೆ.

"ಹಿಟ್ಟಿನ ಗಿರಣ್ಯಾಗ ಪಾಳಿಗೆ ಡಬ್ಬಿ ಇಡ್ತೇವಲ್ರಿ ಅಕ್ಕಾರ, ಹಂಗ. ಚಿಪ್ಪಿನ ಜೋಡಿ ಮಾತಾಡ್ಲಿಕ್ಕೆ ಕಂಪ್ಯೂಟರ್‌ನ್ಯಾಗ ಒಂದಿಷ್ಟು ಜಾಗ ಅದ. ಡ್ರೈವರ್ ಮದ್ಲ ಅಲ್ಲಿ ತನ್ನ ಡಬ್ಬಿ ಇಡಬೇಕು. ಒಬ್ರ ಡಬ್ಬಿ ಇದ್ದಲ್ಲಿ ಇನ್ನೊಬ್ರು ಬರಂಗಿಲ್ಲ."

ಇಲ್ಲದಿದ್ದರೆ ಇಬ್ಬರೂ ಒಮ್ಮೆಗೇ ಕೈಹಾಕಿ, ಒಬ್ಬರ ಜೋಳದಲ್ಲಿ ಇನ್ನೊಬ್ಬರ ಗೋಧಿ ಬೆರೆತ ಹಾಗೆ ವೇಳೆಯೆಲ್ಲ ಕಲಸಿಹೋಗುತ್ತದಂತೆ.

"ಹಂಗಾರ ಈಗ ಅಲ್ಲಿರೋದು ಯಾರ ಡಬ್ಬಿರಿ?" ಎಂದೆ.

ಅವರು ಹುಡುಕಿ ನೋಡಿದರು. ಆ ವಿಳಾಸದ ಮುಂದೆ ಇದ್ದದ್ದು ಅವರದೇ ಡ್ರೈವರ್‌ನ ಹೆಸರು. ಬೆಳಿಗ್ಗೆ ಜಾಗ ಹಿಡಿದದ್ದು, ಗಡಿಯಾರ ನಿಂತಿದೆ ಎಂದು ಎದ್ದು ಬರುವಾಗ ಅದನ್ನು ಬಿಟ್ಟುಕೊಟ್ಟಿರಲೇ ಇಲ್ಲ.

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಓಣಿಯ ಗಿರಣಿಯಲ್ಲಿ ಯಾವಾಗಲೂ ಒಂದು ಹಸಿರು ಡಬ್ಬಿ ಪಾಳಿಯ ನಡುವೆ ಒಂಟಿಯಾಗಿ ನಿಂತಿರುತ್ತದೆ. ಅದರ ಒಡತಿ ಮನೆಗೆ ಹೋಗಿ ಮರೆತಿರುತ್ತಾರೆ. ಪಾಳಿಯಲ್ಲಿ ಹಿಂದಿರುವವರೆಲ್ಲ ಅದನ್ನು ಕಾಲಿನಿಂದ ಸರಿಸುತ್ತ ಬೈಯುತ್ತಾರೆ. ಆ ಒಡತಿ ಈ ಟೀಚರೇ.

"ನಿಮ್ಮ ಡ್ರೈವರೂ ನಿಮ್ಮಂಗೇ ಅದರಿ."

"ನನ್ನ ಕೈಯಾಗ ಹುಟ್ಟಿದ್ದಲ್ರಿ ಅಕ್ಕಾರ, ಮತ್ಯಾರಂಗ ಇರ್ತದ?"

ನಡುವೆ ಏನು ತಪ್ಪಿದರೂ ಹೊರಡುವ ಮುಂಚೆ ಜಾಗ ಬಿಟ್ಟುಕೊಡು ಎಂದು ಅವರು ಒಂದು ಸಾಲು ಸೇರಿಸಿದರು. ಬೆಳಗಿನ ಡಬ್ಬಿ ಅಲ್ಲಿಂದ ತೊಲಗಲೆಂದು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಡ್ರೈವರ್‌ಗೆ ಜಾಗ ಸಿಕ್ಕಿತು. ಪರದೆಯ ಮೇಲಿನ ವೇಳೆಯನ್ನು ನನ್ನ ಕೈಗಡಿಯಾರಕ್ಕೆ ಹೊಂದಿಸಿ, ಮೇನ್ ಸ್ವಿಚ್ಚನ್ನೇ ಆರಿಸಿ ಮತ್ತೆ ಹಾಕಿ ನೋಡಿದೆವು. ವೇಳೆ ಮರೆಯಲಿಲ್ಲ.

ಸಂಜೆ ಗಂಟೆ ಸರಿಯಾದ ಹೊತ್ತಿಗೆ ಬಾರಿಸಿತು. ನೆಲೋಗಿಯ ಹುಡುಗಿಯರು ಬಸ್ಸಿನ ಕಿಟಕಿಯಿಂದ ಕೈಬೀಸಿದರು. ಸುತ್ತಿಗೆಯನ್ನು ಒರೆಸಿ ಹೆಡ್ ಮೇಡಂ ಅವರ ಮೇಜಿನ ಮೇಲಿಟ್ಟು ಬಂದೆ.

ಮನೆಗೆ ಬಂದು ಜೋಳ ತೆಗೆದುಕೊಂಡು ಗಿರಣಿಗೆ ಹೋದರೆ, ಪಾಳಿಯ ನಡುವೆ ಹಸಿರು ಡಬ್ಬಿ ನಿಂತಿತ್ತು, ಪಕ್ಕದಲ್ಲಿ ಯಾರೂ ಇಲ್ಲ. ಅವತ್ತು ಯಾರಿಗೂ ಅದನ್ನು ಕಾಲಿನಿಂದ ಸರಿಸಗೊಡಲಿಲ್ಲ. ನನ್ನ ಜೋಳದ ಜೊತೆ ಅದನ್ನೂ ಬೀಸಿಸಿ, ಬಿಸಿ ಹಿಟ್ಟನ್ನು ಟೀಚರ್ ಮನೆಗೇ ಮುಟ್ಟಿಸಿದೆ.