ಬಿಳಿ ಹೂವಿನ ನೇರಳೆ ಪಟ್ಟೆ

ಹೂವಿನ ಬೀಜ ಬೆಳೆಯುವ ಆ ತೋಟದಲ್ಲಿ ಅವಳ ಕೆಲಸ ಕೀಳುವುದು. ಬಿಳಿ ಹೂವಿನ ಸಾಲಿನಲ್ಲಿ ಬಿಳಿಯೇ ಇರಬೇಕು. ಬೇರೆ ಬಣ್ಣ ಇಣುಕಿತೋ, ದುಂಬಿಗಳು ಬರುವ ಮೊದಲೇ ಆ ಬಳ್ಳಿಯನ್ನು ಬೇರುಸಮೇತ ಕಿತ್ತು ಗುಂಡಿಗೆ ಎಸೆಯಬೇಕು. ಇಲ್ಲದಿದ್ದರೆ ಬೀಜವೆಲ್ಲ ಬೆರಕೆಯಾಗುತ್ತದೆ. ವರ್ಷಗಟ್ಟಲೆ ಇದನ್ನೇ ಮಾಡಿ ಅವಳ ಕಣ್ಣು ಎಷ್ಟು ಕೆಟ್ಟಿತ್ತೆಂದರೆ, ಯಾರ ಮನೆಗೆ ಹೋದರೂ ಮೊದಲು ಕಾಣುತ್ತಿದ್ದದ್ದು ಗೋಡೆಯ ಕಲೆಯೇ. ತೋಟದವರು ಅವಳನ್ನು ಕೀಳಕ್ಕ ಎನ್ನುತ್ತಿದ್ದರು. ಎದುರಿಗಲ್ಲ, ಅಷ್ಟು ಧೈರ್ಯ ಯಾರಿಗಿದೆ?

ಗಂಡ ಬಸ್ ಕಂಡಕ್ಟರ್ ಆಗಿದ್ದವನು, ಮಾತಿನ ಮಲ್ಲ. ಊಟಕ್ಕೆ ಕೂತರೆ ತುತ್ತಿಗಿಂತ ಮಾತೇ ಹೆಚ್ಚು. ಕಳೆದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಸೋತಿತು, ಮಾತು ನಿಂತಿತು. ಮೊದಮೊದಲು ಅವಳು ಎಡೆಬಿಡದೆ ಮಾತಾಡಿಸಿದಳು. ಗೋಡೆಗೆ ಹೇಳಿದ ಹಾಗಾಗಿ, ಬರಬರುತ್ತ ಅವಳೂ ಸುಮ್ಮನಾದಳು. ಬಂದವರು ಅವನ ಎದುರಿಗೇ ಅವನ ವಿಷಯ ಆಡಿಕೊಳ್ಳುತ್ತಿದ್ದರು, ಹಳೇ ಕುರ್ಚಿಯನ್ನು ಎಲ್ಲಿಡುವುದು ಎಂಬಂತೆ. ಅವಳು ತಡೆಯಲಿಲ್ಲ. ಮಗ ಊರಾಚೆ ಒಂದು ಆರೈಕೆ ಮನೆ ಗೊತ್ತುಮಾಡಿದ್ದ. ಕೆಟ್ಟವನಲ್ಲ, ತಾಯಿ ಸವೆಯುವುದನ್ನು ನೋಡಲಾರದವನು. "ಭಾನುವಾರ ಬಂದು ಅಪ್ಪನ್ನ ಕರ್ಕೊಂಡು ಹೋಗ್ತೀನಮ್ಮ" ಎಂದಿದ್ದ. ಅವಳು ಹೂಂ ಎಂದಿದ್ದಳು.

ಶುಕ್ರವಾರ ಬೆಳಗ್ಗೆ ಬಿಳಿ ಸಾಲಿನಲ್ಲಿ ಒಂದು ಹೂವು ಅವಳ ಕಣ್ಣಿಗೆ ಬಿತ್ತು. ಎಸಳಿನ ನಡುವಿನಿಂದ ಅಂಚಿನವರೆಗೆ ನೇರಳೆ ಪಟ್ಟೆ, ಪಕ್ಕದಲ್ಲಿ ಚಿಮುಕಿಸಿದಂಥ ಚುಕ್ಕಿಗಳು. ಕೀಳಲು ಕೈ ಹಾಕಿದ್ದಳು, ಅಷ್ಟರಲ್ಲಿ ತಳಿ ಸಂಶೋಧನೆಯ ಮೇಡಂ ಓಡೋಡಿ ಬಂದರು.

"ಅಕ್ಕಾ, ಅದೊಂದನ್ನ ಬಿಡಿ! ಕುಂಡಕ್ಕೆ ಹಾಕಿಸ್ತೀನಿ."

"ಈ ಹುಚ್ಚು ಹೂವಲ್ಲಿ ಏನಿದೆ ಮೇಡಂ?"

ಮೇಡಂ ಅಲ್ಲೇ ಕುಕ್ಕರುಗಾಲಲ್ಲಿ ಕೂತರು. "ಬಣ್ಣ ಮಾಡೋ ಜೀನ್ ಇದೆಯಲ್ಲ, ಅದರ ಮಧ್ಯೆ ಡಿಎನ್‌ಎ ತುಣುಕೊಂದು ಬಂದು ಕೂತಿದೆ. ಅದು ಕೂತಿರೋವರೆಗೆ ಹೂವು ಬಿಳಿ. ಆದ್ರೆ ಅದಕ್ಕೆ ಒಂದು ಕಡೆ ಕೂತು ಗೊತ್ತಿಲ್ಲ. ಮೊಗ್ಗು ಬೆಳೀತಿರುವಾಗ ಯಾವುದೋ ಒಂದು ಜೀವಕೋಶದಲ್ಲಿ ಎದ್ದು ಹೊರಟುಬಿಡುತ್ತೆ. ಆ ಕೋಶದಿಂದ ಹುಟ್ಟಿದ್ದಕ್ಕೆಲ್ಲ ಬಣ್ಣ ಬರುತ್ತೆ. ಬೇಗ ಎದ್ರೆ ದೊಡ್ಡ ಪಟ್ಟೆ, ತಡವಾಗಿ ಎದ್ರೆ ಬರೀ ಚುಕ್ಕಿ."

"ಹಾಗಾದ್ರೆ ಬಿಳಿ ಹೂವಲ್ಲಿ ಬಣ್ಣ ಹೋಗಿರಲಿಲ್ವಾ?"

"ಬಣ್ಣ ಮಾಡೋ ಶಕ್ತಿ ಒಳಗೇ ಇತ್ತು. ಮೇಲೆ ಒಂದು ಅಡ್ಡಿ ಕೂತಿತ್ತು, ಅಷ್ಟೇ."

"ಅದು ಯಾವಾಗ ಏಳುತ್ತೆ?"

"ಅದನ್ನ ಕೇಳ್ಬೇಡಿ. ಅದು ಯಾರ ಮಾತೂ ಕೇಳಲ್ಲ."

ಅವಳ ಕಣ್ಣು ತುಂಬಿ ಬಂತು. ಮನುಷ್ಯನ ತಲೆ ಹೂವಲ್ಲ ಎನ್ನುವಷ್ಟು ಬುದ್ಧಿ ಅವಳಿಗೂ ಇತ್ತು. ಆದರೂ ಗಂಡ ಒಳಗೇ ಇದ್ದು ಎಲ್ಲವನ್ನೂ ಕೇಳಿಸಿಕೊಂಡಿದ್ದರೆ?

ಅಂದು ಮನೆಗೆ ಬಂದವಳೇ ಗಂಡನ ಪಕ್ಕ ಕೂತು ಹೂವಿನ ಕತೆ ಹೇಳಿದಳು. ಆರೈಕೆ ಮನೆಯ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ಅನ್ನ ಕಲಸುತ್ತ, ತಲೆ ಬಾಚುತ್ತ, ಶನಿವಾರವೂ ಮಾತಾಡಿದಳು. ಅವನು ಕಿಟಕಿ ನೋಡುತ್ತಿದ್ದ.

ಭಾನುವಾರ ಮಗ ಬಂದು ಬಟ್ಟೆ ಚೀಲ ಎತ್ತಿಕೊಂಡ.

"ಬೇಡ ಕಣೋ, ಇಲ್ಲೇ ಇರ್ಲಿ" ಎಂದಳು.

"ಅಮ್ಮಾ, ಎಲ್ಲಿದ್ರೂ ಅಪ್ಪಂಗೆ ಗೊತ್ತಾಗಲ್ಲ" ಎಂದು ಮಗ ಮೆತ್ತಗೆ ಹೇಳಿ ಬಾಗಿಲ ಕಡೆ ತಿರುಗಿದ.

"ಹೋಲ್ಡಾನ್!"

ಜನ್ಮವಿಡೀ ಬಸ್ ನಿಲ್ಲಿಸಲು ಕೂಗಿದ ಮಾತು. ತೊದಲಿತ್ತು, ಒಡೆದಿತ್ತು, ಆದರೆ ಕೂಗಿದ್ದು ಅವನೇ. ಮಗ ನಿಂತಲ್ಲೇ ಕಲ್ಲಾದ. ಅವಳು ಅಳುತ್ತ ನಗುತ್ತ ಮಗನ ಕೈಯಿಂದ ಚೀಲ ಕಿತ್ತುಕೊಂಡಳು.

ಆಮೇಲೆ ಎಷ್ಟೋ ದಿನ ಅವನು ತುಟಿ ಬಿಚ್ಚಲಿಲ್ಲ. ಅವಳು ಮಾತ್ರ ಬಾಯಿ ಮುಚ್ಚಲಿಲ್ಲ.