ಎಲ್ಲಕ್ಕೂ ಒಂದೇ ಪಿನ್ನು ಕೇಳಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಕೆಲಸ ಲಿಫ್ಟ್ ನಡೆಸುವುದು. ಹಳೆಯ ಕಾಲದ ಎತ್ತರದ ಆಫೀಸು ಕಟ್ಟಡ, ಕಬ್ಬಿಣದ ಜಾಲರಿ ಬಾಗಿಲಿನ ಲಿಫ್ಟು, ಅದರ ಮೂಲೆಯಲ್ಲೊಂದು ಸ್ಟೂಲು. ಬೆಳಗ್ಗೆ ಆ ಸ್ಟೂಲಿನ ಮೇಲೆ ಕೂತರೆ ಸಂಜೆಯವರೆಗೂ ಮೇಲೆ, ಕೆಳಗೆ, ಮೇಲೆ, ಕೆಳಗೆ. ಯಾರಿಗೆ ಬಡ್ತಿ ಸಿಕ್ಕಿದೆ, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವಳಿಗೆ ಗೊತ್ತಿರುತ್ತಿತ್ತು. ಆದರೆ ಒಂದು ಮಹಡಿಯ ಸುದ್ದಿಯನ್ನು ಇನ್ನೊಂದು ಮಹಡಿಗೆ ಒಯ್ದವಳಲ್ಲ. "ನನ್ನ ಹೆಂಡ್ತಿ ದಿನಾ ಆಕಾಶಕ್ಕೆ ಹೋಗಿ ಬರ್ತಾಳೆ. ಬಂದವಳೇ ಅಡುಗೆ ಆಯ್ತಾ ಅಂತ ನನ್ನನ್ನೇ ಕೇಳ್ತಾಳೆ," ಎಂದು ಚಿಕ್ಕಪ್ಪ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ.

ಚಿಕ್ಕಪ್ಪ ಮನೆಯಲ್ಲೇ ಇರುತ್ತಿದ್ದ. ಹರೆಯದಲ್ಲಿ ಅವನು ನೆಲದ ಕಲ್ಲಿಗೆ ಪಾಲಿಷ್ ಹಾಕುವ ಕೆಲಸ ಮಾಡಿದವನು. ಕಲ್ಲು ಹೊಳೆಯುತ್ತಾ ಹೋದಂತೆ ಅದರ ಧೂಳು ಅವನ ಎದೆಗೆ ಇಳಿಯುತ್ತಾ ಹೋಗಿತ್ತು. ಐವತ್ತು ದಾಟುವ ಹೊತ್ತಿಗೆ ಎರಡು ಮೆಟ್ಟಿಲು ಹತ್ತಿದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲಬೇಕಾಯಿತು. ಆಮೇಲೆ ಮಂಚದ ಪಕ್ಕಕ್ಕೆ ಒಂದು ಉಸಿರಾಟದ ಯಂತ್ರ ಬಂತು. ಬೀರುವಿನಂತೆ ದಪ್ಪಗಿದ್ದ ಅದು ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಗಾಳಿಯಿಂದ ಆಮ್ಲಜನಕ ಸೋಸಿ ತೆಳ್ಳನೆಯ ಕೊಳವೆಯಲ್ಲಿ ಅವನ ಮೂಗಿಗೆ ಕಳಿಸುತ್ತಿತ್ತು. ಕೊಳವೆ ಎಷ್ಟುದ್ದವೋ ಅವನ ಲೋಕವೂ ಅಷ್ಟೇ. ಬಚ್ಚಲಿನ ಬಾಗಿಲಿಗೆ ಮುಟ್ಟುತ್ತಿತ್ತು, ಬೀದಿಯ ಕಡೆಯ ಕಿಟಕಿಗೆ ಎರಡು ಗೇಣು ಸಾಲುತ್ತಿರಲಿಲ್ಲ.

ಹೀಗೇ ವರ್ಷಗಳು ಕಳೆದ ಮೇಲೆ ಆಸ್ಪತ್ರೆಯವರು ಅವನಿಗೆ ಸಣ್ಣ ಯಂತ್ರವೊಂದನ್ನು ಕೊಟ್ಟರು. ಹೆಗಲಿಗೆ ಹಾಕಿಕೊಳ್ಳುವ ಚೀಲದಷ್ಟೇ ಇತ್ತು. ಒಳಗೆ ಬ್ಯಾಟರಿ. ಅದನ್ನು ಹಾಕಿಕೊಂಡು ಚಿಕ್ಕಪ್ಪ ಮೊದಲು ಹೋದದ್ದು ಆ ಕಿಟಕಿಯ ಬಳಿಗೆ. ಸರಳು ಹಿಡಿದು ಎದುರಿನ ಬೇಕರಿಯನ್ನೂ ಸೈಕಲ್ ಅಂಗಡಿಯನ್ನೂ ಕಣ್ತುಂಬ ನೋಡಿದ. "ಇಷ್ಟು ಚಿಕ್ಕ ಡಬ್ಬದಲ್ಲಿ ಇಷ್ಟೊಂದು ಗಾಳಿ ಹ್ಯಾಗೆ ಹಿಡಿಸ್ತಾರೇ?" ಎಂದು ಚಿಕ್ಕಮ್ಮನನ್ನು ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಮಂಚದ ಮೇಲೆ ಕೂತು ಆ ಯಂತ್ರವನ್ನೇ ನೋಡಿದರಂತೆ, ಹುಟ್ಟಿದ ಮಗುವನ್ನು ನೋಡುವ ಹಾಗೆ.

ಅವನ ಮನಸ್ಸಿನಲ್ಲೊಂದು ಆಸೆ ಬಹಳ ದಿನದಿಂದ ಕೂತಿತ್ತು. ಮದುವೆಗೂ ಮೊದಲು ದೂರದ ದೊಡ್ಡ ಊರೊಂದರ ರೈಲು ನಿಲ್ದಾಣದ ಹಾಲಿಗೆ ಅವನು ನೆಲ ಪಾಲಿಷ್ ಮಾಡಿದ್ದ. ಆಗ ಮೇಲೆಲ್ಲ ಕಂಬ ಹಲಗೆಗಳ ಸಾರುವೆ ಕಟ್ಟಿತ್ತು, ಕಿಟಕಿಗಳಿಗೆ ತಾಡಪಾಲು ಹೊದಿಸಿತ್ತು, ಬಲ್ಬಿನ ಬೆಳಕಿನಲ್ಲಿ ಮಂಡಿಯೂರಿ ಉಜ್ಜಿದ್ದಷ್ಟೇ. ಸಾರುವೆ ಬಿಚ್ಚುವ ಮೊದಲೇ ಮೇಸ್ತ್ರಿ ಅವರನ್ನು ಬೇರೆ ಕೆಲಸಕ್ಕೆ ಕರೆದೊಯ್ದಿದ್ದ. ತಾನು ಮಾಡಿದ ನೆಲವನ್ನು ಹಗಲ ಬೆಳಕಿನಲ್ಲಿ ಚಿಕ್ಕಪ್ಪ ನೋಡಿಯೇ ಇರಲಿಲ್ಲ.

"ಹೋಗಿ ಬರೋಣ ನಡೀರಿ," ಎಂದಳು ಚಿಕ್ಕಮ್ಮ. ರಜೆ ಹಾಕಿದಳು. ಡಾಕ್ಟರನ್ನು ಕೇಳಿದಳು. ಚಾರ್ಜರನ್ನು ಒಂದು ನೀಲಿ ಕೈಚೀಲಕ್ಕೆ ಹಾಕಿಕೊಂಡಳು. ಬೆಳಗಿನ ರೈಲಿಗೆ ಇಬ್ಬರೂ ಹೊರಟರು.

ಆ ಹಾಲಿನ ವಿಷಯ ಹೇಳುವಾಗ ಚಿಕ್ಕಮ್ಮ ಇವತ್ತಿಗೂ ದನಿ ತಗ್ಗಿಸುತ್ತಾಳೆ. ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ನೆಲಕ್ಕೆ ಬೀಳುತ್ತಿತ್ತು. ನೆಲದಲ್ಲಿ ಕಿಟಕಿಗಳೂ ಕಂಬಗಳೂ ತಲೆಕೆಳಗಾಗಿ ನಿಂತಿದ್ದವು. ಸೂಟ್‌ಕೇಸು ಎಳೆದುಕೊಂಡು ಹೋಗುವ ಜನ ನೀರಿನ ಮೇಲೆ ನಡೆದಂತೆ ಕಾಣುತ್ತಿದ್ದರು. ಚಿಕ್ಕಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟ. "ಈ ಕಂಬದಿಂದ ಆ ಕಂಬದವರೆಗೆ ನಮ್ಮ ಗುಂಪು ಕಣೇ," ಎಂದ. ಬರಿಗಾಲಲ್ಲಿ ಆ ಉದ್ದವನ್ನು ಮೆಲ್ಲಗೆ ನಡೆದ. ಮತ್ತೆ ಹಿಂದಕ್ಕೆ ನಡೆದ. ಬಗ್ಗಲಾಗದೆ ಕಾಲಿನ ಹೆಬ್ಬೆರಳಿನಿಂದಲೇ ಕಲ್ಲಿನ ಸಂದು ಸವರಿದ. "ಒಂದು ಕಲ್ಲೂ ಎದ್ದಿಲ್ಲ ನೋಡು," ಎಂದ. ಇಂಥದ್ದನ್ನು ಕೈಯಾರೆ ಮಾಡಿದ ಮನುಷ್ಯನೊಂದಿಗೆ ಇಷ್ಟು ವರ್ಷ ಬಾಳಿದೆ, ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಚಿಕ್ಕಮ್ಮನಿಗೆ ಅನಿಸಿತಂತೆ.

ಹೊತ್ತು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಯಂತ್ರ ಪೀ ಪೀ ಎಂದಿತು. ಚಿಕ್ಕಮ್ಮ ಗೋಡೆಯ ಬಳಿಯ ಬೆಂಚಿನಲ್ಲಿ ಅವನನ್ನು ಕೂರಿಸಿ ಚಾರ್ಜರ್ ತೆಗೆಯಲು ನೀಲಿ ಚೀಲಕ್ಕೆ ಕೈ ಹಾಕಿದಳು. ಕೈಗೆ ಬಂದದ್ದು ಯಾರದೋ ಮಕ್ಕಳ ಬಟ್ಟೆ. ರೈಲಿನಲ್ಲಿ ಪಕ್ಕದ ಸೀಟಿನವರದ್ದೂ ನೀಲಿ ಚೀಲವೇ ಆಗಿತ್ತು. ಇಳಿಯುವ ಗಡಿಬಿಡಿಯಲ್ಲಿ ಅದಲುಬದಲಾಗಿತ್ತು.

ಚಿಕ್ಕಮ್ಮ ನಿಲ್ದಾಣದ ಮೇಲಧಿಕಾರಿಯ ಕೋಣೆಗೆ ಓಡಿದಳು. ನಿಲ್ದಾಣದ ಆಮ್ಲಜನಕದ ಸಿಲಿಂಡರು ತುಂಬಿಸಲು ಹೋಗಿತ್ತು. ಆಂಬ್ಯುಲೆನ್ಸಿಗೆ ಫೋನು ಮಾಡಿದರೆ, ಸೇತುವೆ ರಿಪೇರಿಯಿಂದ ರಸ್ತೆ ಕಟ್ಟಿಹೋಗಿದೆ, ಬರುತ್ತೇವೆ, ತಡವಾಗಬಹುದು ಎಂದರು. ಆಗ ಆ ಕೋಣೆಯಲ್ಲೇ ಕೂತು ಧ್ವನಿವರ್ಧಕದಲ್ಲಿ ರೈಲುಗಳ ಹೆಸರು ಹೇಳುತ್ತಿದ್ದ ಹೆಂಗಸು, ಯಾರನ್ನೂ ಕೇಳದೆ, ಹೇಳುತ್ತಿದ್ದುದನ್ನು ನಿಲ್ಲಿಸಿ ಬೇರೆಯೇ ಹೇಳತೊಡಗಿದಳು: "ದೊಡ್ಡ ಹಾಲಿನಲ್ಲಿ ಹಿರಿಯರೊಬ್ಬರ ಉಸಿರಾಟದ ಯಂತ್ರಕ್ಕೆ ಚಾರ್ಜರ್ ಬೇಕಾಗಿದೆ. ಯಾರ ಬಳಿ ಯಾವ ಚಾರ್ಜರ್ ಇದ್ದರೂ ದಯವಿಟ್ಟು ತನ್ನಿ."

ಜನ ಬಂದರು. ಮೊದಲು ಇಬ್ಬರು ಮೂವರು, ಆಮೇಲೆ ಎಲ್ಲ ಪ್ಲಾಟ್‌ಫಾರಮ್ಮುಗಳಿಂದಲೂ. ಮಗುವನ್ನೆತ್ತಿಕೊಂಡ ತಾಯಿ, ಟೈ ಕಟ್ಟಿದ ಸೇಲ್ಸ್‌ಮನ್, ಕಾಲೇಜು ಹುಡುಗಿಯರ ಗುಂಪು, ಊರುಗೋಲಿನ ಮುದುಕ. ಹೊಳೆಯುವ ಆ ನೆಲದ ಮೇಲೆ ಮಂಡಿಯೂರಿ ಬ್ಯಾಗು ತೆರೆದು ಸುರಿದರು: ಫೋನಿನದು, ಲ್ಯಾಪ್‌ಟಾಪಿನದು, ಕ್ಯಾಮೆರಾದ್ದು, ಗಡ್ಡ ಕತ್ತರಿಸುವ ಯಂತ್ರದ್ದು. ಅಗಲ ಪಿನ್ನು, ದುಂಡು ಪಿನ್ನು, ಚಪ್ಪಟೆ ಪಿನ್ನು, ಸೂಜಿಯಂಥ ಪಿನ್ನು. ಒಂದೂ ಸೇರಲಿಲ್ಲ. ಒಂದು ದುಂಡು ಪಿನ್ನು ಹೆಚ್ಚುಕಮ್ಮಿ ಒಳಗೆ ಹೋಗುವಂತಿತ್ತು. ರೈಲ್ವೆಯ ಎಲೆಕ್ಟ್ರಿಷಿಯನ್ ಓಡಿಬಂದು ಚಿಕ್ಕಮ್ಮನ ಕೈ ಹಿಡಿದ. "ಬೇಡ ಅಮ್ಮಾ, ತೂತಿಗೆ ಸೇರಿದ್ರೂ ಕರೆಂಟಿನ ಬಲ ಬೇರೆ. ಯಂತ್ರ ಸುಟ್ಟುಹೋದ್ರೆ ಇರೋದೂ ಹೋಗುತ್ತೆ."

ಆ ಗುಂಪನ್ನು ಸರಿಸಿಕೊಂಡು ಗಿಡ್ಡ ಕೂದಲಿನ ಹಿರಿಯ ಹೆಂಗಸೊಬ್ಬಳು ಬಂದಳು. ಅವಳ ಮೂಗಿನಲ್ಲೂ ಕೊಳವೆ, ಹೆಗಲಲ್ಲಿ ಅದೇ ಕಂಪನಿಯ ಅದೇ ಬಣ್ಣದ ಯಂತ್ರ! ಚಿಕ್ಕಮ್ಮನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಆ ಹೆಂಗಸಿನ ಚಾರ್ಜರ್ ತೆಗೆದು ಚಿಕ್ಕಪ್ಪನ ಯಂತ್ರಕ್ಕೆ ಇಟ್ಟಳು. ಹೋಗಲಿಲ್ಲ. ತಿರುಗಿಸಿ ಇಟ್ಟಳು. ಹೋಗಲಿಲ್ಲ. ಅವಳದು ಹೊಸ ಮಾದರಿ. ಕಂಪನಿ ಪಿನ್ನು ಬದಲಾಯಿಸಿತ್ತು.

ಚಿಕ್ಕಪ್ಪನ ತುಟಿ ನೀಲಿಗಟ್ಟತೊಡಗಿತ್ತು. ಯಂತ್ರ ಇನ್ನೊಮ್ಮೆ ಕೂಗಿ ಸುಮ್ಮನಾಯಿತು.

ಆ ಹೆಂಗಸು ಒಂದು ಕ್ಷಣ ನೋಡಿದಳು. ತನ್ನ ಯಂತ್ರವನ್ನು ಗೋಡೆಯ ಕರೆಂಟಿಗೆ ಹಾಕಿ ಬೆಂಚಿನಲ್ಲಿ ಚಿಕ್ಕಪ್ಪನ ಪಕ್ಕ ಕೂತಳು. ತನ್ನ ಕೊಳವೆ ಕಳಚಿ, ಅವನ ಕೊಳವೆಯನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿದಳು. ಅದು ಸಲೀಸಾಗಿ ಕೂತಿತು.

"ಅಯ್ಯೋ, ನಿಮಗೆ?" ಎಂದಳು ಚಿಕ್ಕಮ್ಮ.

"ಸುಮ್ನೆ ಕೂತಿದ್ರೆ ಸ್ವಲ್ಪ ಹೊತ್ತು ತಡೀತೀನಿ. ಸುಸ್ತಾದಾಗ ಇವರಿಂದ ಇಸ್ಕೋತೀನಿ, ಆಮೇಲೆ ಮತ್ತೆ ಇವರಿಗೆ. ಮಕ್ಕಳಿಗೆ ಈಜು ಕಲಿಸ್ತಿದ್ದೋಳು ನಾನು. ಉಸಿರು ಹಿಡಿಯೋದು ಹೇಳಿಕೊಟ್ಟೇ ಸಂಬಳ ತಗೊಂಡಿದೀನಿ, ಹೆದರಬೇಡಿ."

ಹಾಗೆ ಅವರಿಬ್ಬರೂ ಸರದಿಯ ಮೇಲೆ ಉಸಿರಾಡಿದರು. ಅವಳ ಮುಖ ಬಾಡಿದರೆ ಚಿಕ್ಕಪ್ಪ ತಾನೇ ಕೊಳವೆ ಕಳಚಿ ಅವಳತ್ತ ನೋಡುತ್ತಿದ್ದ. ಅವನ ಕತ್ತಿನ ನರ ಉಬ್ಬಿದರೆ ಅವಳು ಕಳಚುತ್ತಿದ್ದಳು. ಯಂತ್ರದಲ್ಲಿ ಕೊಳವೆ ಬದಲಿಸುವುದು ಚಿಕ್ಕಮ್ಮನ ಕೆಲಸ. ಸುತ್ತ ನಿಂತವರು ತಮ್ಮ ಚಾರ್ಜರುಗಳನ್ನು ಎತ್ತಿಕೊಳ್ಳುವುದನ್ನೇ ಮರೆತಿದ್ದರು. ಧ್ವನಿವರ್ಧಕದ ಹೆಂಗಸು ಒಂದು ರೈಲು ಹೊರಡುತ್ತಿದೆ ಎಂದು ಹೇಳಿದಳು. "ಅದು ನಂದೇ. ಹೋಗ್ಲಿ ಬಿಡಿ, ನಾಳೇನೂ ಇದೆ ಅದು," ಎಂದು ಈಜಿನ ಟೀಚರು ಕಣ್ಣು ಮುಚ್ಚಿಕೊಂಡೇ ನಕ್ಕಳು.

ಆಂಬ್ಯುಲೆನ್ಸಿನವರು ಸಿಲಿಂಡರು ಹೊತ್ತು ಓಡಿಬಂದಾಗ ಇಬ್ಬರಿಗೂ ಪ್ರಜ್ಞೆ ಇತ್ತು. ಚಿಕ್ಕಪ್ಪನ ಕೊಳವೆ ಆ ಸಿಲಿಂಡರಿಗೂ ಹಾಗೆಯೇ ಕೂತಿತು. ಚಿಕ್ಕಮ್ಮ ಆಗ ಅತ್ತಳು. ಅಲ್ಲಿಯವರೆಗೆ ಅಳುವುದಕ್ಕೆ ಅವಳಿಗೆ ಬಿಡುವಿರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಮತ್ತೆ ಲಿಫ್ಟಿನ ಕೆಲಸಕ್ಕೆ ಹೋದಳು. ಅಷ್ಟರಲ್ಲಿ ಸರ್ಕಾರ ಒಂದು ಕಾನೂನಿನ ಕರಡು ಹೊರಡಿಸಿತ್ತು: ಫೋನು, ಕ್ಯಾಮೆರಾ ಮುಂತಾದುವಕ್ಕೆಲ್ಲ ಇನ್ನು ಮುಂದೆ ಒಂದೇ ಬಗೆಯ ಚಾರ್ಜಿಂಗ್ ಪಿನ್ನು ಕಡ್ಡಾಯ. ಜನರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದರು. ಉಸಿರಾಟದ ಯಂತ್ರದ ಮಾತು ಆ ಕರಡಿನಲ್ಲಿ ಇರಲಿಲ್ಲ. "ನೀನೂ ಬಾ, ಮೈಕಿನ ಮುಂದೆ ಕಾಲು ನಡುಗಿದ್ರೆ ಹಿಡ್ಕೊಳ್ಳೋಕೆ," ಎಂದು ಚಿಕ್ಕಮ್ಮ ನನ್ನನ್ನು ಕರೆದೊಯ್ದಳು.

ನಾನು ಹಿಡಿಯಬೇಕಾಗಿ ಬರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ, ಈ ಯಂತ್ರಗಳನ್ನೂ ಸೇರಿಸಿ ಎಂದು ಕೇಳಿದಳು. ಆಮೇಲೆ ಅಂಥ ಯಂತ್ರ ಮಾಡುವ ಕಂಪನಿಯೊಂದರ ಇಂಜಿನಿಯರ್ ಎದ್ದು ನಿಂತ. ಮಧ್ಯವಯಸ್ಸಿನವನು, ಮೆತ್ತಗಿನ ಮಾತು.

"ಅಮ್ಮಾ, ನೀವು ಹೇಳಿದ್ದು ಕೇಳಿ ನಂಗೆ ಮೈ ಜುಮ್ ಅಂತು. ಆದ್ರೂ ನನ್ನ ಭಯ ಹೇಳ್ಬೇಕು. ಎಲ್ಲಾ ಪಿನ್ನೂ ಒಂದೇ ಥರ ಆದ್ರೆ ಜನ ಫೋನಿನ ಚಿಕ್ಕ ಚಾರ್ಜರನ್ನ ಇದಕ್ಕೆ ಹಾಕಿ ನೆಮ್ಮದಿಯಾಗಿ ಮಲಗ್ತಾರೆ. ಅದರ ಬಲ ಸಾಲದೆ ನಿದ್ದೇಲೇ ಯಂತ್ರ ನಿಂತುಹೋಗುತ್ತೆ. ಇನ್ನೊಂದು, ಇವತ್ತಿನ ಪಿನ್ನಿಗೆ ಕಾನೂನು ಮೊಳೆ ಹೊಡೆದುಬಿಟ್ರೆ, ನಾಳೆ ಇದಕ್ಕಿಂತ ಒಳ್ಳೇದು ಬಂದಾಗ ಏನ್ಮಾಡೋದು? ನಿಮ್ಮ ಯಜಮಾನರ ಯಂತ್ರ ಅಷ್ಟು ಚಿಕ್ಕದಾಗಿದ್ದೇ ನಮ್ಮನ್ನ ಯಾರೂ ಕಟ್ಟಿಹಾಕಿರಲಿಲ್ಲ ಅಂತ."

ಚಿಕ್ಕಮ್ಮ ತಲೆದೂಗಿದಳು. "ಅದೂ ನಿಜಾನೇ ಅಪ್ಪಾ. ಆ ಚಿಕ್ಕ ಯಂತ್ರ ನೋಡಿ ನಾವಿಬ್ರೂ ಮೂಕರಾಗಿ ಕೂತಿದ್ವಿ. ಆದ್ರೆ ಅವತ್ತು ಮೂಗಿನ ಕೊಳವೆ ಆ ಟೀಚರ ಯಂತ್ರಕ್ಕೂ ಸೇರ್ತು, ಸಿಲಿಂಡರಿಗೂ ಸೇರ್ತು. ಯಾರೋ ಎಲ್ಲೋ ಕೂತು ಇದು ಒಂದೇ ಅಳತೆ ಇರ್ಲಿ ಅಂತ ಒಪ್ಪಿದಾರೆ. ಅವರ ಮುಖ ನಾನು ನೋಡಿಲ್ಲ, ದಿನಾ ಅವರನ್ನ ನೆನೀತೀನಿ. ಗಾಳಿ ಹೋಗೋ ದಾರಿಗೆ ಒಪ್ಪಿದವರು ಕರೆಂಟ್ ಹೋಗೋ ದಾರಿಗೂ ಒಪ್ಪಬಹುದಲ್ವಾ?"

"ಒಪ್ಪಬಹುದು. ನಮ್ಮಷ್ಟಕ್ಕೇ ಬಿಟ್ರೆ ಒಪ್ಪಲ್ಲ. ಯಾರಾದ್ರೂ ಕೂರಿಸಿ ಒಪ್ಪಿಸಬೇಕು. ಬಲ ಸಾಲದಿದ್ರೆ ಯಂತ್ರ ಕೂಗಿ ಎಬ್ಬಿಸೋ ಹಾಗೂ ಇರ್ಬೇಕು," ಎಂದ ಇಂಜಿನಿಯರ್. ಸಭೆ ಮುಗಿದ ಮೇಲೆ ಹೊರಗೆ ಟೀ ಕುಡಿಯುತ್ತಾ ಅವನು ಕೇಳಿದ್ದು ಚಿಕ್ಕಪ್ಪನ ಬಗ್ಗೆ. ಚಿಕ್ಕಮ್ಮ ಹೇಳಿದ್ದು ಆ ನೆಲದ ಬಗ್ಗೆ.

ಕಾನೂನು ಬಂತು, ಫೋನು ಮತ್ತಿತರ ಸಣ್ಣ ಸಾಧನಗಳಿಗೆ ಮಾತ್ರ. ಉಸಿರಾಟದ ಯಂತ್ರಗಳನ್ನು ಇನ್ನೊಂದು ಸಮಿತಿಗೆ ಒಪ್ಪಿಸಿದರು. ಚಿಕ್ಕಮ್ಮ ಮೂರು ದಿನ ಮುಖ ಊದಿಸಿಕೊಂಡಿದ್ದಳು. "ಹೋಗ್ಲಿ ಬಿಡೇ, ಅರ್ಧ ಮಹಡಿ ಹತ್ತಿದೆ ನಿನ್ನ ಲಿಫ್ಟು," ಎಂದು ಚಿಕ್ಕಪ್ಪ ಸಮಾಧಾನ ಮಾಡಿದ. ಉಳಿದರ್ಧ ನೋಡಲು ಅವನು ಇರಲಿಲ್ಲ. ಒಂದು ಮಧ್ಯಾಹ್ನ ಕಿಟಕಿಯ ಬಳಿ ಕೂತಿದ್ದವನು ಹಾಗೇ ಹೋಗಿಬಿಟ್ಟ. ಈಜಿನ ಟೀಚರು ಅಷ್ಟು ದೂರದಿಂದ ಬಂದು ಚಿಕ್ಕಮ್ಮನೊಂದಿಗೆ ಒಂದು ವಾರ ಇದ್ದಳು.

ಸಮಿತಿಯ ತೀರ್ಮಾನ ಹೊರಬಿದ್ದದ್ದು ಆಮೇಲೆ. ಹೊಸ ಯಂತ್ರಗಳಿಗೆಲ್ಲ ಒಂದೇ ಪಿನ್ನು. ಬಲ ಸಾಲದ ಚಾರ್ಜರ್ ಹಾಕಿದರೆ ಯಂತ್ರ ಕೂಗಲೇಬೇಕು. ಇನ್ನೂ ಒಳ್ಳೆಯ ಪಿನ್ನು ಬಂದರೆ ಎಲ್ಲರೂ ಕೂತು ಒಟ್ಟಿಗೆ ಬದಲಿಸಬೇಕು. ಇದರಿಂದ ಎಲ್ಲ ಸರಿಹೋಯಿತೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಆ ಇಂಜಿನಿಯರಪ್ಪನ ಭಯ ಇನ್ನೂ ನನ್ನ ತಲೇಲಿದೆ ಕಣೇ. ಯಾರಾದ್ರೂ ಒಬ್ರು ಹೆದರ್ತಾನೇ ಇರ್ಬೇಕು, ಅದೇ ಒಳ್ಳೇದು," ಎಂದಳು.

ಕಳೆದ ತಿಂಗಳು ಅವಳ ಕಣ್ಣು ತೋರಿಸಲು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿ ಮಾಡಿಸಿ ಹಿಂದಿರುಗಿದರೆ ಅವಳು ಕುರ್ಚಿಯಲ್ಲಿರಲಿಲ್ಲ. ಹುಡುಕಿದಾಗ ಎದೆರೋಗದ ವಾರ್ಡಿನ ಬಾಗಿಲಲ್ಲಿ ಸಿಕ್ಕಳು. ಒಳಗೆ ಉದ್ದನೆಯ ಸಾಲು ಮಂಚಗಳು. ಒಂದೊಂದರ ಪಕ್ಕದಲ್ಲೂ ಒಂದೊಂದು ಯಂತ್ರ, ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಬಣ್ಣದವು. ಗೋಡೆಯಿಂದ ಇಳಿದು ಬಂದ ಬಿಳಿ ವೈರುಗಳು ಮಾತ್ರ ಎಲ್ಲಕ್ಕೂ ಒಂದೇ ಥರ. ಒಬ್ಬ ನರ್ಸು ಒಂದು ಖಾಲಿ ಮಂಚದ ವೈರು ಕಿತ್ತು, ನೋಡದೆಯೇ, ಮಾತಾಡುತ್ತಲೇ, ಪಕ್ಕದ ಮಂಚದ ಯಂತ್ರಕ್ಕೆ ಚುಚ್ಚಿದಳು. ಹಸಿರು ದೀಪ ಹತ್ತಿತು. ಆ ನರ್ಸಿಗೆ ಅದೊಂದು ವಿಷಯವೇ ಆಗಿರಲಿಲ್ಲ.

ಚಿಕ್ಕಮ್ಮ ಬಾಗಿಲಿನ ಚೌಕಟ್ಟಿಗೆ ಕೈ ಕೊಟ್ಟು ನಿಂತೇ ಇದ್ದಳು. ನರ್ಸು ಅವಳನ್ನು ನೋಡಿ ಹತ್ತಿರ ಬಂದು, "ಯಾರನ್ನ ನೋಡ್ಬೇಕಿತ್ತು ಅಜ್ಜಿ?" ಎಂದಳು.

"ಯಾರನ್ನೂ ಇಲ್ಲ ಕಣಮ್ಮಾ. ಇನ್ನೊಂದು ಸಲ ಆ ವೈರು ತೆಗೆದು ಹಾಕ್ತೀಯಾ?" ಎಂದಳು ಚಿಕ್ಕಮ್ಮ.